ಹತ್ತು ಹತ್ತರ ಬಾಡಗಂಡಿ ಗಾಡಿ

ಫೆಬ್ರವರಿ ತಿಂಗಳ ಎರಡನೆಯ ರವಿವಾರ, ಬೆಳಿಗ್ಗೆ ಆರೂವರೆ. ಜಮಖಂಡಿಯ ವಿಹಾರ. ಹಾಜರಿದ್ದವರು ಭಂತೇಜಿ, ನಾನು, ನನ್ನ ಹೆಂಡತಿ ಮತ್ತು ಪ್ರತಿ ರವಿವಾರ ಬರುವ ಆರು ಜನ, ಒಟ್ಟು ಒಂಬತ್ತು. ಮೂವತ್ತಮೂರು ವರ್ಷ ಬಸ್ಸಿನ ಕೆಲಸ ಮಾಡಿದವನು ನಾನು. ಹನ್ನೊಂದು ವರ್ಷ ಕಂಡಕ್ಟರ್, ಉಳಿದದ್ದೆಲ್ಲ ಬಸ್ ನಿಲ್ದಾಣದ ಕಂಟ್ರೋಲರ್. ವಾರ, ವೇಳೆ, ಹಾಜರಿ ಬರೆಯದೆ ಏನನ್ನೂ ಶುರು ಮಾಡಲು ನನಗೆ ಬರುವುದಿಲ್ಲ.

ವಿಹಾರವೆಂದರೆ ತಗಡಿನ ಮಾಡಿನ ಒಂದು ಉದ್ದನೆಯ ಖೋಲಿ. ಗೋಡೆಗೆ ಸುಣ್ಣ, ನೆಲಕ್ಕೆ ಚಾಪೆ, ಎದುರಿಗೆ ಒಂದು ಮೊಳ ಎತ್ತರದ ಬುದ್ಧನ ಮೂರ್ತಿ. ಧ್ಯಾನದ ಗಂಟೆ ಬಾರಿಸುವ ಕೆಲಸ ನನ್ನದು. ನಲವತ್ತೈದು ನಿಮಿಷವೆಂದರೆ ನಲವತ್ತೈದೇ. ನಲವತ್ತಾರಾಗಲು ನಾನು ಎಂದೂ ಬಿಟ್ಟಿಲ್ಲ. ಎಲ್ಲರೂ ಉಸಿರು ನೋಡುತ್ತ ಕುಳಿತರೆ ನೀವು ಗಡಿಯಾರ ನೋಡುತ್ತ ಕೂಡುತ್ತೀರಿ ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಅದು ಪೂರ್ತಿ ಸುಳ್ಳಲ್ಲ.

ಭಂತೇಜಿ, ಅಂದರೆ ನಮಗೆ ಧಮ್ಮ ಹೇಳುವ ಭಿಕ್ಷು, ಮರಾಠಿ ಸೀಮೆಯವರು. ತಿಂಗಳಿಗೊಮ್ಮೆ ಬರುತ್ತಾರೆ. ಅವರ ಕನ್ನಡ ನಮ್ಮ ಕಡೆಯದೇ, ಆದರೆ ನಡುನಡುವೆ ತಡೆದು ನಿಲ್ಲುತ್ತದೆ. ಆ ದಿನ ಪಂಚಶೀಲ ಹೇಳಿಸಿದ ಮೇಲೆ ಅನತ್ತದ, ನಾನು ಎಂಬುದು ಇಲ್ಲ ಎನ್ನುವ ಮಾತು ತೆಗೆದರು. ಈ ಮೈಯನ್ನು ನಾನು ಎನ್ನುತ್ತೇವೆ. ಅದು ದಿನಕ್ಕೊಂದು ರೀತಿ ಸವೆಯುತ್ತದೆ. ಸುಖ ದುಃಖವನ್ನು ನಾನು ಎನ್ನುತ್ತೇವೆ. ಅದು ಚಹಾ ಆರುವಷ್ಟರಲ್ಲಿ ಬದಲಾಗುತ್ತದೆ. ಗುರುತು, ರೂಢಿ, ಅರಿವು, ಒಂದೊಂದನ್ನೇ ಎತ್ತಿ ನೋಡಿದರೆ ಯಾವುದರೊಳಗೂ ನಾನು ಎಂದು ಬೆರಳಿಟ್ಟು ತೋರಿಸುವಂಥದ್ದು ಸಿಗುವುದಿಲ್ಲ. ಸಿಗದ ಆ ವಸ್ತುವಿಗೆ ನಾವು ಎಷ್ಟೊಂದು ಗಂಟುಗಳನ್ನು ಕಟ್ಟಿಟ್ಟಿದ್ದೇವೆ. ಹೀಗೆ ಹೇಳಿ ಅವರು ನನ್ನ ಕಡೆ ತಿರುಗಿದರು.

"ಬಿಡೂದು ಅಂದ್ರ ಒಗಿಯೂದು ಅಲ್ಲ ಕಾಕಾ. ಹಿಡದ ಕೈ ಸಡ್ಲ ಮಾಡೂದು. ಅಷ್ಟ."

"ನನಗೇನ ಉಳದೈತ್ರಿ ಭಂತೇಜಿ, ಸಡ್ಲ ಮಾಡಾಕ?" ಅಂದೆ. "ಕುರ್ಚಿ ಹೋತು, ಖಾಕಿ ಹೋತು. ರಿಟೈರ್ ಆಗಿ ಹನ್ನೆರಡ ವರ್ಷ ಆತು."

ಹಿಂದಿನಿಂದ ನನ್ನ ಹೆಂಡತಿಯ ದನಿ ಬಂತು. "ಸೀಟಿ ಹೋಗಿಲ್ರಿ. ಅಂಗಿ ಕಿಸೇದಾಗ ಐತಿ, ತಗಸಿ ನೋಡ್ರಿ ಬೇಕಂದ್ರ."

ಎಲ್ಲರೂ ನಕ್ಕರು. ಭಂತೇಜಿಯೂ ನಕ್ಕರು. ನಾನೂ ನಕ್ಕೆ, ಆದರೆ ಕೈ ತಾನಾಗಿ ಎದೆಯ ಕಿಸೆಯ ಮೇಲೆ ಹೋಯಿತು. ಕಿಸೆಯಲ್ಲಿ ಸೀಟಿಯೊಂದೇ ಇರಲಿಲ್ಲ. ನಾಲ್ಕು ಮಡಿಕೆ ಮಾಡಿದ ಒಂದು ಕಾಗದವೂ ಇತ್ತು. ಅದರ ವಿಷಯ ಹೆಂಡತಿಗೂ ಗೊತ್ತಿರಲಿಲ್ಲ.

ಏಳುವ ಮೊದಲು ಭಂತೇಜಿ ಎಲ್ಲರಿಗೂ ಒಂದು ಕೆಲಸ ಕೊಟ್ಟರು. "ಇವತ್ತ ಸಂಜೀ ತನಕ ನೋಡ್ರಿ. ಎಷ್ಟ ಸಲ 'ನಂದು' ಅಂತ ಬಾಯಿಗೆ ಬರ್ತದ, ಎಣಸ್ರಿ. ಸಿಟ್ಟ ಮಾಡ್ಕೋಬ್ಯಾಡ್ರಿ. ಬರೇ ಎಣಸ್ರಿ."

ನನಗೆ ಇಂಥ ಕೆಲಸ ಬಹಳ ಇಷ್ಟ. ಅಲ್ಲೇ ಸಣ್ಣ ವಹಿ ತೆಗೆದು ಹೊಸ ಹಾಳೆಯ ಮೇಲೆ ವಾರ ಬರೆದು ಅಡಿಗೆರೆ ಎಳೆದೆ. ಒಂದೊಂದು 'ನಂದು'ವಿಗೆ ಒಂದೊಂದು ಗೀಟು ಹಾಕುವುದೆಂದು ಮನಸ್ಸಿನಲ್ಲೇ ನಿಯಮ ಮಾಡಿಕೊಂಡೆ.

ಆ ಕಾಗದದ ವಿಷಯ ಈಗ ಹೇಳಬೇಕು.

ನಿಲ್ದಾಣದ ಗೋಡೆಯ ಮೇಲೆ, ಕಂಟ್ರೋಲ್ ಖೋಲಿಯ ಕಿಟಕಿಯ ಪಕ್ಕದಲ್ಲಿ, ಬಸ್ಸುಗಳ ವೇಳೆ ಬರೆದ ಒಂದು ಬೋರ್ಡಿದೆ. ಅದನ್ನು ಬರೆದವನು ನಾನು. ಬಿಳಿ ಬಣ್ಣದ ಮೇಲೆ ಕಪ್ಪು ಅಕ್ಷರ. ಮುಧೋಳ, ಬನಹಟ್ಟಿ, ತೇರದಾಳ, ಬೀಳಗಿ, ಹೀಗೆ ಸಾಲಾಗಿ. ಒಂದು ಸಾಲು ಮಾತ್ರ ಕೆಂಪು. ಬಾಡಗಂಡಿ ನೇರ, ಹತ್ತು ಗಂಟೆ ಹತ್ತು ನಿಮಿಷ. ಆ ಬಸ್ಸು ಶುರುವಾದದ್ದು ನನ್ನ ಓಡಾಟದಿಂದ. ಅಲ್ಲಿಯ ಸಕ್ಕರೆ ಕಾರ್ಖಾನೆಗೆ ಹೋಗುವವರು, ಕಬ್ಬಿನ ಹೊಲದವರು ಬೀಳಗಿಯಲ್ಲಿ ಇಳಿದು ಗಂಟೆಗಟ್ಟಲೆ ನಿಲ್ಲುತ್ತಿದ್ದರು. ನಾನು ಎರಡು ವಾರದ ರಜೆಯ ದಿನ ಅಲ್ಲಿಗೆ ಹೋಗಿ ನಿಂತು ಜನರನ್ನು ಎಣಿಸಿ, ವರದಿ ಬರೆದು, ಮೇಲಿನವರ ಬೆನ್ನು ಹತ್ತಿ ಗಾಡಿ ಬಿಡಿಸಿದ್ದೆ. ಮೊದಲ ದಿನ ಊರವರು ಬಸ್ಸಿಗೆ ಹಾಕಲು ತಂದ ಹಾರಗಳಲ್ಲಿ ಒಂದನ್ನು ನನ್ನ ಕೊರಳಿಗೆ ಹಾಕಿದ್ದರು. ಆ ಹಾರ ಅಂದೇ ಬಾಡಿತು. ಕೆಂಪು ಸಾಲು ಮಾತ್ರ ಉಳಿಯಿತು. ಎರಡು ವರ್ಷಕ್ಕೊಮ್ಮೆ, ನಿವೃತ್ತನಾದ ಮೇಲೂ, ನಾನೇ ಹೋಗಿ ಅದರ ಮೇಲೆ ಬಣ್ಣ ಎಳೆದು ಬರುತ್ತಿದ್ದೆ.

ಹೆಂಗಸರಿಗೆ ಟಿಕೀಟಿಲ್ಲದ ಪ್ರಯಾಣ ಬಂದ ಮೇಲೆ ಗಾಡಿಗಳು ತುಂಬಿ ತುಳುಕತೊಡಗಿದವು. ಯಾವ ಗಾಡಿ ಎತ್ತ ಹೋಗಬೇಕೆಂಬುದನ್ನು ಮೇಲಿನವರು ಮತ್ತೆ ಮತ್ತೆ ಬದಲಿಸಿದರು. ಬೋರ್ಡಿನ ಎಷ್ಟೋ ಸಾಲು ಹಳೆಯದಾಗಿತ್ತು. ಈಗಿನ ಕಂಟ್ರೋಲರ್ ಒಬ್ಬ ಹೆಣ್ಣುಮಗಳು, ಮೂವತ್ತೈದರ ಆಸುಪಾಸು. ನನ್ನನ್ನು ಸರ್ ಎಂದೇ ಕರೆಯುತ್ತಾಳೆ. ಆ ರವಿವಾರಕ್ಕೆ ಮೊದಲಿನ ಗುರುವಾರ ಆಕೆ ಹೊಸ ವೇಳೆಗಳನ್ನು ದೊಡ್ಡ ಹಾಳೆಯ ಮೇಲೆ ಬರೆದು ತಂದು ನನ್ನ ಬೋರ್ಡಿನ ಮೇಲೆಯೇ ಅಂಟಿಸಿದಳು. ಬೇರೆ ಜಾಗವಿರಲಿಲ್ಲ. ಜನ ನೋಡುವುದು ಅಲ್ಲೇ.

ಶುಕ್ರವಾರ ನಾನು ಮನೆಗೆ ಹೊರಡುವ ಹೊತ್ತಿಗೆ ಆಕೆ ಊಟಕ್ಕೆ ಕುಳಿತಿದ್ದಳು. ಹಾಳೆಯ ಒಂದು ಮೂಲೆ ಎದ್ದಿತ್ತು. ಉಗುರು ಹಾಕಿದೆ. ಗೋಂದು ಮೂಲೆಗಳಿಗಷ್ಟೇ ಹಚ್ಚಿದ್ದುದರಿಂದ ಪೂರ್ತಿ ಹಾಳೆ ಹರಿಯದೆ ಕೈಗೆ ಬಂತು. ಕೆಳಗೆ ನನ್ನ ಕೆಂಪು ಸಾಲು ಸ್ವಚ್ಛವಾಗಿ ಕಂಡಿತು. ಹಾಳೆಯನ್ನು ಓದಲಿಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ: ಓದಲು ಸಮಯವಿತ್ತು, ಕಣ್ಣು ಸರಿಯಾಗಿತ್ತು, ಬೇಕಂತಲೇ ಓದಲಿಲ್ಲ. ಕಾಗದ ಬಿಸಾಡುವ ರೂಢಿ ನನಗಿಲ್ಲ. ಮಡಿಚಿ ಕಿಸೆಯಲ್ಲಿಟ್ಟೆ. ಅಂದಿನಿಂದ ದಿನವೂ ಅಂಗಿ ಬದಲಿಸುವಾಗ ಸೀಟಿಯ ಸಂಗಡ ಅದನ್ನೂ ಹೊಸ ಅಂಗಿಯ ಕಿಸೆಗೆ ಸರಿಸುತ್ತ ಬಂದಿದ್ದೆ.

ರವಿವಾರ ವಿಹಾರದಿಂದ ಮನೆಗೆ ಬಂದು, ರೊಟ್ಟಿ ತಿಂದು, ಒಂಬತ್ತಕ್ಕೆ ನಿಲ್ದಾಣ ಮುಟ್ಟಿದೆ. ಹನ್ನೆರಡು ವರ್ಷದಿಂದ ಇದೇ ಕ್ರಮ. ಒಂಬತ್ತರಿಂದ ಹನ್ನೆರಡರವರೆಗೆ ಬೋರ್ಡಿನ ಕೆಳಗಿನ ಕಲ್ಲುಬೆಂಚು ನನ್ನದು. ಪಕ್ಕದಲ್ಲಿ ಚಹಾದ ಅಂಗಡಿ.

ಒಂಬತ್ತೂವರೆಯ ಸುಮಾರಿಗೆ ಬನಹಟ್ಟಿ ಗಾಡಿಯಿಂದ ಒಬ್ಬ ಹೆಣ್ಣುಮಗಳು ಇಳಿದಳು. ಐವತ್ತು ದಾಟಿರಬಹುದು. ಕಂಕುಳಲ್ಲಿ ಬಟ್ಟೆಯ ಚೀಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತು ಚಹಾದವನನ್ನು ಕೇಳಿದಳು.

"ಅಣ್ಣಾ, ಬಾಡಗಂಡಿಗೆ ಯಾವ ಬಸ್ಸೋ?"

ಅವನು ಕೆಟಲಿಯಿಂದಲೇ ನನ್ನತ್ತ ತೋರಿಸಿದ. "ಅಗೋ, ಅವರ್ನ ಕೇಳಬೇ. ಕಂಟ್ರೋಲರ್ ಸಾಹೇಬ್ರು. ಬಾಡಗಂಡಿ ಬಸ್ಸ ಹಡದವರ ಅವರು."

ದಿನಕ್ಕೊಮ್ಮೆ ಅವನು ಹೀಗೆ ಚಾಷ್ಟಿ ಮಾಡುತ್ತಾನೆ. ದಿನಕ್ಕೊಮ್ಮೆ ನಾನು ಒಳಗೊಳಗೆ ಹಿಗ್ಗುತ್ತೇನೆ.

"ಹತ್ತೂ ಹತ್ತಕ್ಕ ನನ್ನ ಗಾಡಿ ಐತಿ," ಅಂದೆ. "ಡೈರೆಕ್ಟ್. ಕುಂಡ್ರವ್ವ."

"ಅಲ್ಲಿ ಬೀಳಗಿ ಗಾಡಿ ನಿಂತೈತಲ್ರಿ. ಅದಕ್ಕ ಹೋಗ್ಲೇನ್ರಿ?"

"ಅದು ಹಳ್ಳಿ ಹಳ್ಳಿಗೆ ನಿಂದ್ರಕೋತ ಹೋಗತೈತಿ. ಬೀಳಗಿಯೊಳಗ ಇಳದ ಮತ್ತ ಟಂಟಂ ಹುಡುಕಬೇಕು. ಯಾಕ ಬೇಕ ಆ ತ್ರಾಸ? ನನ್ನ ಗಾಡಿ ಊರ ಅಗಸೀ ಮುಂದ ಇಳಸತೈತಿ."

ಆಕೆ ಬೆಂಚಿನ ತುದಿಗೆ ಅರೆಬರೆ ಕುಳಿತಳು. "ಒಂದಕ್ಕ ಮಣ್ಣ ಐತ್ರಿ," ಅಂದಳು. "ಎತ್ತೂದರಾಗ ಮಾರಿ ನೋಡಬೇಕ್ರಿ ನಾನು."

ಕೊನೆಯ ಮುಖದರ್ಶನ ಯಾರದೆಂದು ಕೇಳಿದೆ. ದೊಡ್ಡವ್ವ ಅಂದಳು. ರಕ್ತಸಂಬಂಧವಲ್ಲ. ಇವಳು ನಾಲ್ಕು ವರ್ಷದವಳಿದ್ದಾಗ ತಾಯಿ ತೀರಿದ್ದಳು. ಬನಹಟ್ಟಿಯಲ್ಲಿ ಪಕ್ಕದ ಮನೆಯ ನೇಕಾರನ ಹೆಂಡತಿ, ಮಕ್ಕಳಿಲ್ಲದವಳು, ಇವಳನ್ನು ಸಾಕಿ, ಕಂಡಿಕೆಗೆ ನೂಲು ಸುತ್ತುವುದನ್ನು ಕಲಿಸಿ, ಲಗ್ನವನ್ನೂ ಮಾಡಿದ್ದಳು. ತನ್ನ ಗಂಡ ತೀರಿದ ಮೇಲೆ ಆ ದೊಡ್ಡವ್ವ ಬಾಡಗಂಡಿಗೆ ಅಣ್ಣನ ಮಕ್ಕಳ ಹತ್ತಿರ ಹೋಗಿ ಇದ್ದಳು. ಹಿಂದಿನ ರಾತ್ರಿ ತೀರಿಕೊಂಡಿದ್ದಳು.

"ನೀ ಸುತ್ತಿದ ನೂಲಿನ ಸೀರಿ ಒಂದ ನನ್ನ ಮ್ಯಾಲ ಹೊಚ್ಚಬೇ ಕಡೀಕ ಅಂದಿದ್ಲರಿ. ನೇಯಿಸಿ ಟ್ರಂಕಿನ್ಯಾಗ ಇಟ್ಟ ಆರ ವರ್ಷ ಆತ್ರಿ." ಚೀಲದ ಬಾಯಿ ಸರಿಸಿ ತೋರಿಸಿದಳು. ಕಡುನೀಲಿ ಒಡಲು, ಕೆಂಪು ದಡಿ. ಮಡಿಕೆ ಮುರಿದಿರಲಿಲ್ಲ.

"ಹನ್ನೊಂದೂವರಿಗೆ ಅಲ್ಲಿರ್ತೀರಿ. ನಾ ಹೇಳಾಕತ್ತೇನಲ್ಲ," ಅಂದೆ.

ಆಕೆಗೆ ಸಮಾಧಾನವಾಗಲಿಲ್ಲ. ತಲೆ ಎತ್ತಿ ಬೋರ್ಡು ನೋಡಿದಳು. "ನನಗ ಓದಾಕ ಬರಂಗಿಲ್ಲ. ಅದರಾಗೂ ಹಂಗ ಬರದಾರೇನ್ರಿ?"

ನಾನು ಎದ್ದು ನಿಂತು ಕೆಂಪು ಸಾಲಿನ ಮೇಲೆ ಬೆರಳಿಟ್ಟು, ಅಕ್ಷರ ಅಕ್ಷರ ಬಿಡಿಸಿ ಓದಿ ಹೇಳಿದೆ.

ಆಗಲೇ ಒಳಗಿನಿಂದ ಕಂಟ್ರೋಲರಳ ದನಿ ಮೈಕಿನಲ್ಲಿ ಬಂತು. ಬೀಳಗಿ ಗಾಡಿ ಹೊರಡುತ್ತಿದೆ, ಬಾಡಗಂಡಿಗೆ ಹೋಗುವವರೂ ಇದಕ್ಕೇ ಹತ್ತಬೇಕು. ನಿಲ್ದಾಣದ ಮೈಕು ಗೊರಗೊರ ಎನ್ನುತ್ತದೆ, ಆದರೆ ನನಗೆ ಅದರ ಮಾತು ಸ್ಪಷ್ಟವಾಗಿ ತಿಳಿಯುತ್ತದೆ. ಹೆಣ್ಣುಮಗಳು ಅರ್ಧ ಎದ್ದಳು. ನಾನು ಕೈ ಅಡ್ಡ ಮಾಡಿದೆ. ಗಾಡಿ ಹಿಂದಕ್ಕೆ ಸರಿಯತೊಡಗಿತು, ಹಿಂದೆ ಒಂದು ಆಟೋ ನಿಂತಿತ್ತು. ನಾನು ಕಿಸೆಯಿಂದ ಸೀಟಿ ತೆಗೆದು ಊದಿ, ಕೈ ಬೀಸಿ, ಗಾಡಿಯನ್ನು ಸಲೀಸಾಗಿ ಹೊರಗೆ ಹಾಕಿದೆ. ಆಕೆ ಹತ್ತಬೇಕಾಗಿದ್ದ ಬಸ್ಸನ್ನು ಸೀಟಿ ಹೊಡೆದು ಕಳಿಸಿದವನು ನಾನೇ. ಡ್ರೈವರ್ ಕೈ ಎತ್ತಿ ಸಲಾಮು ಮಾಡಿದ. ಅದೂ ನನಗೆ ಖುಷಿಯಾಯಿತು.

ಹತ್ತು ಹತ್ತಾಯಿತು. ಗಾಡಿ ಬರಲಿಲ್ಲ.

ಹತ್ತು ಇಪ್ಪತ್ತಕ್ಕೆ ಆಕೆ ನನ್ನ ಮುಖ ನೋಡಿದಳು. "ಕಬ್ಬಿನ ಟ್ರ್ಯಾಕ್ಟರ್ ಸುಗ್ಗಿ ಐತಲ್ಲ, ರೋಡ್ ಬಂದ್ ಆಗಿರತೈತಿ. ಬರತೈತಿ ತಗೋ," ಅಂದೆ. ಆ ಹೊತ್ತಿಗೆ ನನಗೆ ತಿಳಿದಿತ್ತು. ಕಿಸೆಯ ಕಾಗದ ಎದೆಗೆ ಒತ್ತುತ್ತಿತ್ತು. ತೆಗೆದು ಓದಿದ್ದರೆ ಮುಗಿಯುತ್ತಿತ್ತು. ಏಳು ಹೆಜ್ಜೆ ದೂರದ ಕಿಟಕಿಗೆ ಹೋಗಿ ಕೇಳಿದ್ದರೂ ಮುಗಿಯುತ್ತಿತ್ತು. ಆದರೆ ಆ ಕಿಟಕಿಯ ಹೊರಗೆ ನಿಂತು, ಬಾಡಗಂಡಿ ಗಾಡಿ ಎಷ್ಟಕ್ಕೆ ಎಂದು ನಾನು ಕೇಳುವುದೇ? ಆ ಪ್ರಶ್ನೆ ಬಾಯಿಂದ ಹೊರಡಲಿಲ್ಲ. ಬಾಡಿಗೆ ಕಾರಿನ ವಿಚಾರವೂ ಅದೇ ಹೊತ್ತಿಗೆ ತಲೆಗೆ ಬಂದಿತ್ತು. ನಿಲ್ದಾಣದ ಎದುರಿಗೆ ಒಂದು ಕಾರು ನಿಂತಿದ್ದನ್ನು ಕಣ್ಣಾರೆ ನೋಡುತ್ತಿದ್ದೆ. ಕಾರು ಕರೆದರೆ ನನ್ನ ಗಾಡಿ ಇಲ್ಲವೆಂದು ಒಪ್ಪಿದಂತೆ. ಕರೆಯಲಿಲ್ಲ.

ಹೀಗೆ ಇನ್ನೂ ಇಪ್ಪತ್ತು ನಿಮಿಷ ತಿಂದೆ. ನನ್ನ ಇಪ್ಪತ್ತು ನಿಮಿಷವಲ್ಲ, ಆಕೆಯದು.

ಹತ್ತು ನಲವತ್ತಕ್ಕೆ ಆಕೆ ನನಗೆ ಹೇಳದೆ ಎದ್ದು ಕಿಟಕಿಗೆ ಹೋದಳು. ಮರುಕ್ಷಣ ಕಂಟ್ರೋಲರ್ ಹೊರಗೆ ಬಂದಳು.

"ಹತ್ತೂ ಹತ್ತರದು ಇವತ್ತಿನಿಂದ ಬಂದ್ ಆಗೈತಿ ಯವ್ವಾ. ಯಾರ ಹೇಳಿದ್ರು ನಿಮಗ?"

ಆಕೆ ಬೆರಳು ತೋರಿಸಲಿಲ್ಲ. ಸುಮ್ಮನೆ ನನ್ನ ಕಡೆ ನೋಡಿದಳು. ಕಂಟ್ರೋಲರ್ ಗೋಡೆ ನೋಡಿದಳು.

"ಸರ್, ಗುರುವಾರ ಇಲ್ಲೇ ಚೀಟಿ ಅಂಟಿಸಿದ್ನಲ್ರಿ?"

"ಗಾಳಿಗೆ ಹಾರಿರಬೇಕು," ಅಂದೆ.

ನಾಲ್ಕು ತಾಸಿನ ಹಿಂದೆ ಪಂಚಶೀಲ ಹೇಳುತ್ತ ಕೈಮುಗಿದು ಸುಳ್ಳು ಹೇಳುವುದಿಲ್ಲ ಎಂದಿದ್ದ ಬಾಯಿ ಅದು. ಕಾಗದ ಅಂಗಿಯ ಒಳಗೆ ಚರಕ್ ಎಂದಂತಾಯಿತು. ನಿಜವಾಗಿ ಸಪ್ಪಳವಾಯಿತೋ, ನನಗೆ ಹಾಗೆ ಕೇಳಿಸಿತೋ ಗೊತ್ತಿಲ್ಲ.

ಎದುರಿಗಿದ್ದ ಕಾರು ಯಾವುದೋ ಲಗ್ನಕ್ಕೆ ಹೊರಟುಹೋಗಿತ್ತು. ಲಗ್ನದ ಹಂಗಾಮು, ಬೇರೆ ಕಾರೂ ಜೀಪೂ ಸಿಗಲಿಲ್ಲ. ಮುಂದಿನ ಬೀಳಗಿ ಗಾಡಿ ಹನ್ನೊಂದೂವರೆಗೆ. ಆಕೆ ಫೋನು ತೆಗೆದು ಬಾಡಗಂಡಿಗೆ ಮಾತಾಡಿದಳು. ಆ ಕಡೆಯವರು ನೋಡೋಣ ಎಂದಷ್ಟೇ ಅಂದರಂತೆ. "ಬಳಗದವರ ಬರೂದಿದ್ರ ಕಾಯತಿದ್ರು," ಅಂದಳು ಆಕೆ, ಯಾರಿಗೂ ಅಲ್ಲದಂತೆ. "ನನಗ್ಯಾರ ಕಾಯ್ತಾರ?"

"ನಾನೂ ಬರ್ತೇನಿ," ಅಂದೆ.

"ನೀವ್ಯಾಕ್ರಿ?"

ಹನ್ನೊಂದೂವರೆಯ ಗಾಡಿ ಬಂತು. ಆಕೆಯ ಹಿಂದೆ ನಾನೂ ಹತ್ತಿದೆ. ಹೆಂಡತಿಗೆ ಫೋನು ಮಾಡಿ ಊಟಕ್ಕೆ ಬರುವುದಿಲ್ಲ ಎಂದೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ. "ಮೈಯಾಗ ಅರಾಮ ಐತಿಲ್ಲೋ?" ಎಂದು ಅವಳು ಗಾಬರಿಯಾದಳು.

ಗಾಡಿಯಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಯಾರೋ ಆಕೆಗೆ ಸೀಟು ಬಿಟ್ಟರು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈ ಅದರ ಮೇಲೆ ಒತ್ತಿ ಕುಳಿತಳು. ನಾನು ಕಂಬಿ ಹಿಡಿದು ನಿಂತೆ. ಎರಡೆರಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ರಸ್ತೆಯ ತುಂಬ ಹೋಗುತ್ತಿದ್ದವು. ಒಂದರ ಹಿಂದೆ ಕಾಲು ತಾಸು ತೆವಳಿದ ಮೇಲೆ ತಡೆಯಲಾರದೆ ಡ್ರೈವರನ ಬೆನ್ನಿಗೆ ಹೋಗಿ, "ಹಾರನ್ ಹೊಡದ ಬಲಕ್ಕ ತಗೋರಿ, ಮಣ್ಣಿಗೆ ಹೋಗೋರ ಅದಾರ," ಅಂದೆ.

"ನೀವ್ಯಾರ್ರಿ?" ಅಂದ. ಸಿಟ್ಟಿನಿಂದಲ್ಲ. ಕೆಲಸಕ್ಕೆ ಹೊಸಬ, ನಿಜಕ್ಕೂ ಗೊತ್ತಿರಲಿಲ್ಲ.

ಕಂಟ್ರೋಲರ್ ಎಂದು ಹೇಳಲು ಬಾಯಿ ತೆರೆದೆ. ಹೇಳಲಾಗಲಿಲ್ಲ. ಆ ಹೆಸರಿನ ಬಲದಿಂದಲೇ ಬೆಳಿಗ್ಗೆ ಈಕೆಯನ್ನು ಕೂಡಿಸಿದ್ದೆ. ಬೆಳಿಗ್ಗೆ ಭಂತೇಜಿ ವಿವರಿಸುವಾಗ ನಾನು ತಲೆಯಾಡಿಸಿದ್ದ ಮಾತೆಲ್ಲ ಈಗ ಆ ಗದ್ದಲದಲ್ಲಿ, ಬೆವರಿನ ವಾಸನೆಯಲ್ಲಿ ಎದುರು ನಿಂತಿತು. ಮೇಲಿನವರು ಒಂದೇ ಗಾಡಿಗೆ ಬೆಳಿಗ್ಗೆ ಮುಧೋಳದ ಬೋರ್ಡು ಹಾಕುತ್ತಾರೆ, ಮಧ್ಯಾಹ್ನ ತೇರದಾಳದ್ದು. ಗಾಡಿ ಯಾವ ಬೋರ್ಡಿಗೂ ಅಂಟಿಕೊಂಡು ಅಳುವುದಿಲ್ಲ. ನಾನು ಮೂವತ್ತಮೂರು ವರ್ಷ ಅಂಥ ಬೋರ್ಡುಗಳನ್ನು ಕೈಯಾರೆ ಬದಲಿಸಿದವನು. ನನ್ನ ಎದೆಯ ಮೇಲಿನದನ್ನು ಮಾತ್ರ ಮೊಳೆ ಹೊಡೆದು ಕೂಡಿಸಿದ್ದೆ. ನಾನು ಎಂದು ಯಾವುದನ್ನು ಕಾಯ್ದೆನೋ ಅದು ಡ್ರೈವರನ ಒಂದು ಪ್ರಶ್ನೆಗೆ ಉತ್ತರ ಕೊಡಲಾರದಷ್ಟು ಟೊಳ್ಳಾಗಿತ್ತು. ಅದನ್ನು ಕಾಯಲು ಹೋಗಿ ಈಕೆಯ ದೊಡ್ಡವ್ವನ ಮುಖವನ್ನು ಈಕೆಯಿಂದ ಕಸಿಯುತ್ತಿದ್ದೆ.

ವಹಿಯ ನೆನಪಾಯಿತು. ತೆಗೆದು ನೋಡಿದೆ. ವಾರ, ಅಡಿಗೆರೆ, ಅದರ ಕೆಳಗೆ ಬಿಳಿ ಹಾಳೆ. ಬೆಳಿಗ್ಗೆಯಿಂದ ನನ್ನ ಗಾಡಿ, ನನ್ನ ಗಾಡಿ ಎಂದು ಎಷ್ಟು ಸಲ ಅಂದಿದ್ದೆನೋ, ಒಂದಕ್ಕೂ ಗೀಟು ಬಿದ್ದಿರಲಿಲ್ಲ.

ಬೀಳಗಿಯಲ್ಲಿ ಇಳಿದಾಗ ಒಂದು ಗಂಟೆ ಐದು ನಿಮಿಷ. ಟಂಟಂ ಆಟೋದವನು ಎಂಟು ಜನ ಆಗುವವರೆಗೆ ಬಿಡುವುದಿಲ್ಲ ಎಂದ. ಎಂಟೂ ಸೀಟಿನ ದುಡ್ಡು ನಾನೇ ಕೊಡುತ್ತೇನೆಂದು ಆಕೆಯನ್ನು ಹತ್ತಿಸಿಕೊಂಡು ಹೊರಟೆ. ಜೀವಮಾನವೆಲ್ಲ ತಡ ಮಾಡುವವರನ್ನು ಬೈದವನು ನಾನು. ಆ ಹೊತ್ತು, ಅಲ್ಲಿಯವರು ತಡ ಮಾಡಿರಲಿ, ಯಾರಾದರೂ ಏನಾದರೂ ಮರೆತಿರಲಿ, ಇನ್ನೂ ಎತ್ತಿರದಿರಲಿ ಎಂದು ಬೇಡಿಕೊಂಡೆ.

ಅವರು ಒಂದು ಅಂದರೆ ಒಂದಕ್ಕೇ ಎತ್ತಿದ್ದರು. ಮಣ್ಣು ಕೊಡುವ ಜಾಗ ಊರಾಚೆ, ಕಬ್ಬು ಕಡಿದ ಹೊಲದ ಬದಿಯಲ್ಲಿ. ನಾವು ಮುಟ್ಟಿದಾಗ ಗುಣಿ ಮುಚ್ಚಿ ಆಗಿತ್ತು. ಮೇಲೆ ಹೂವು, ವಿಭೂತಿ, ಉರಿಯುತ್ತಿದ್ದ ಊದುಕಡ್ಡಿ. ಕೊಡದ ನೀರಿನಲ್ಲಿ ಇಬ್ಬರು ಕೈ ತೊಳೆಯುತ್ತಿದ್ದರು.

ಆಕೆ ಓಡಲಿಲ್ಲ. ನಡೆದುಕೊಂಡು ಹೋಗಿ ಮಣ್ಣಿನ ಪಕ್ಕದಲ್ಲಿ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಚೀಲದಿಂದ ಸೀರೆ ತೆಗೆದು, ಹೊಚ್ಚುವವರಂತೆ ಎರಡು ಮಡಿಕೆ ಬಿಚ್ಚಿ, ಹಾಗೇ ನಿಲ್ಲಿಸಿದಳು.

"ಎಲ್ಲೆಂತ ಹೊಚ್ಚಲೇ ಯವ್ವಾ?" ಅಂದಳು. "ತಲಿ ಯಾ ಕಡೆ ಐತಿ, ಕಾಲ ಯಾ ಕಡೆ ಐತಿ?"

ಕೈ ತೊಳೆಯುತ್ತಿದ್ದ ಹಿರಿಯ, ತೀರಿದವಳ ಅಣ್ಣನ ಮಗ, ಹತ್ತಿರ ಬಂದ. "ಮಣ್ಣಿನ ಮ್ಯಾಲ ಹಾಕಿದ್ರ ಗೆದ್ದಲ ತಿಂತಾವಬೇ. ಒಯ್ಯಿ, ಉಟಗೋ. ಆಕೀದ ಅಂತ ಉಟಗೋ," ಅಂದ. ಆಮೇಲೆ ನನ್ನನ್ನು ನೋಡಿ, "ಇವರ್ಯಾರು?" ಅಂದ.

"ಪಾಪ, ಜೋಡಿ ಬಂದಾರ," ಅಂದಳು ಆಕೆ. "ಬಸ್ ಸ್ಟ್ಯಾಂಡಿನ್ಯಾಗ ನನಗ ದಾರಿ ಹೇಳಿದವರು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಪಾಪ ಎನ್ನುವುದನ್ನು ತಡೆಯಲಾಗಲಿಲ್ಲ. ಅವರು ನನಗೂ ನೀರು ಕೊಟ್ಟರು, ನೆರಳಿಗೆ ಕರೆದರು, ಚುರುಮರಿ ತಿನ್ನಿರಿ ಎಂದರು. ಬೇವಿನ ಗಿಡದ ಕೆಳಗೆ ಆಕೆ ಒಬ್ಬಳೇ ಆದಾಗ ಹೋಗಿ ಎದುರು ಕುಳಿತೆ. ಕಿಸೆಯಿಂದ ಕಾಗದ ತೆಗೆದು ಬಿಚ್ಚಿದೆ.

"ಇದು ಗಾಳಿಗೆ ಹಾರಿದ್ದಿಲ್ಲವ್ವ. ನಾನ ಕಿತ್ತಿದ್ದೆ. ಶುಕ್ರವಾರ."

ಆಕೆಗೆ ಕೂಡಲೇ ತಿಳಿಯಲಿಲ್ಲ. ಕಾಗದ ನೋಡಿದಳು, ನನ್ನನ್ನು ನೋಡಿದಳು.

"ಯಾಕ್ರಿ?"

"ನಾ ಬರದ ಬೋರ್ಡ ಮುಚ್ಚತಿತ್ತು. ಅದಕ್ಕ."

"ಏನ ಬರದೈತ್ರಿ ಇದರಾಗ? ಓದ್ರಿ."

ಆಗಲೂ ಓದಿರಲಿಲ್ಲ ನಾನು. ಅಲ್ಲಿ ಮೊದಲ ಸಲ ಓದಿದೆ. ರವಿವಾರದಿಂದ ಬಾಡಗಂಡಿ ನೇರ ಹತ್ತು ಹತ್ತರ ಬಸ್ಸು ಇಲ್ಲ. ಬಾಡಗಂಡಿಗೆ ಹೋಗುವವರು ಒಂಬತ್ತು ನಲವತ್ತರ ಬೀಳಗಿ ಬಸ್ಸಿಗೆ ಹೋಗಬೇಕು. ಅಕ್ಷರ ದುಂಡಗಿದ್ದವು. ಆ ಸಾಲನ್ನು ಕಂಟ್ರೋಲರ್ ಕೆಂಪು ಶಾಯಿಯಲ್ಲಿ ಬರೆದಿದ್ದಳು.

ಆಕೆ ಕಾಗದದಿಂದ ಕಣ್ಣು ತೆಗೆದಳು. ಸೀರೆಯ ಬಿಚ್ಚಿದ ಎರಡು ಮಡಿಕೆಗಳನ್ನು ಮೊದಲಿನ ಗೆರೆಗೇ ಸರಿಯಾಗಿ ಮಡಿಚಿದಳು.

"ಮುಂಜಾನಿ ಓದಿದ್ರ ಆಗತಿತ್ತಲ್ರಿ," ಅಂದಳು.

ಅಷ್ಟೇ. ಮತ್ತೆ ನನ್ನ ಕಡೆ ನೋಡಲಿಲ್ಲ. ರಾತ್ರಿ ಅಲ್ಲೇ ಉಳಿಯುವುದೆಂದು ಅಣ್ಣನ ಮಗನಿಗೆ ಹೇಳುವುದು ಕೇಳಿಸಿತು. ಕ್ಷಮೆ ಎಂಬ ಮಾತು ನನ್ನ ಬಾಯಿಯ ತನಕ ಬಂದಿತ್ತು. ಅದನ್ನೂ ಆಕೆಯಿಂದ ಪಡೆದುಕೊಂಡು ಹಗುರಾಗಿ ಮನೆಗೆ ಹೋಗುವ ಆಸೆ ಅದು. ಕೇಳಲಿಲ್ಲ. ಆ ದಿನ ನಾನು ಬಿಟ್ಟದ್ದೇನಾದರೂ ಇದ್ದರೆ ಅದೊಂದೇ.

ಜಮಖಂಡಿಗೆ ಮರಳಿದಾಗ ನಾಲ್ಕೂ ಮುಕ್ಕಾಲು. ನೇರ ಕಂಟ್ರೋಲ್ ಖೋಲಿಯ ಕಿಟಕಿಗೆ ಹೋದೆ. ಹೊರಗೆ ನಿಂತೆ. ಕಾಗದವನ್ನು ಒಳಗೆ ಚಾಚಿ, ನಾನೇ ಕಿತ್ತದ್ದು ಎಂದೆ. ಅವಳು ಕಾಗದ ನೋಡಿ, ಮಡಿಕೆಯ ಗೆರೆಗಳನ್ನು ನೋಡಿ, ತಲೆ ತಗ್ಗಿಸಿದಳು. ನನ್ನ ಪರವಾಗಿ ಅವಳಿಗೆ ನಾಚಿಕೆಯಾಗಿತ್ತು.

"ಮಾರಿ ಸಿಕ್ಕಿತೇನ್ರಿ ಅವರಿಗೆ?"

"ಇಲ್ಲ."

ಸೀಟಿ ತೆಗೆದು ಮೇಜಿನ ಮೇಲಿಡಲು ಹೋದೆ. "ಅದು ನನಗ ಬ್ಯಾಡ್ರಿ ಸರ್. ನಮಗ ಬ್ಯಾರೆ ಕೊಟ್ಟಾರ," ಅಂದಳು. ಮರಳಿ ಕಿಸೆಗೆ ಹೋಯಿತು. ಅದನ್ನು ದೊಡ್ಡ ತ್ಯಾಗವೆಂದು ಕೊಡಲು ಹೋಗಿದ್ದೆ. ಯಾರಿಗೂ ಬೇಡದ ವಸ್ತು ಅದು.

ಬೋರ್ಡಿಗೆ ಬಣ್ಣ ಹಚ್ಚಲೇ ಎಂದು ಕೇಳಿದೆ. ಹಚ್ಚಿರಿ ಅಂದಳು. ಸುಣ್ಣ ಹೊಡೆದಾಗ ಉಳಿದ ಬಿಳಿ ಬಣ್ಣದ ಡಬ್ಬಿ ಖೋಲಿಯ ಮೂಲೆಯಲ್ಲಿತ್ತು. ಬ್ರಶ್ಶನ್ನು ಚಹಾದವನು ಎಲ್ಲಿಂದಲೋ ತಂದುಕೊಟ್ಟ. ಮೇಲಿನ ಸಾಲಿನಿಂದ ಶುರು ಮಾಡಿದೆ. ಮುಧೋಳ ಹೋಯಿತು, ಬನಹಟ್ಟಿ ಹೋಯಿತು, ತೇರದಾಳ, ಬೀಳಗಿ. ಕಪ್ಪು ಒಂದು ಕೈಗೆ ಮುಚ್ಚಿತು. ಕೆಂಪು ಮುಚ್ಚಲಿಲ್ಲ. ಎರಡನೆಯ ಕೈ ಎಳೆದೆ, ಬಿಳಿಯ ಕೆಳಗಿನಿಂದ ಗುಲಾಬಿಯಾಗಿ ಕಾಣಿಸಿತು. ಮೂರನೆಯ ಕೈಗೆ ಹೋಯಿತು.

ಚಹಾದವನು ಹಿಂದೆ ಬಂದು ನಿಂತ. "ಏನ್ ಸಾಹೇಬ್ರ, ಹಡದ ಕೂಸನ್ನ ನೀವ ಮುಚ್ಚಿದ್ರಿ?" ಅಂದ. ನಾನು ತಿರುಗದ್ದನ್ನು ನೋಡಿ ಸುಮ್ಮನೆ ಹೋದ.

ಕೊನೆಗೆ ಅಂಚು ತಿದ್ದಿದೆ. ನಾಲ್ಕೂ ಅಂಚು ದಾರ ಹಿಡಿದಷ್ಟು ನೇರ ಬಂದವು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದಾಗ, ಎಷ್ಟು ಸ್ವಚ್ಛ ಕೆಲಸ ನನ್ನದು, ಎಂಬ ಹಿಗ್ಗು ಎದೆಯಲ್ಲಿ ಎದ್ದಿತು. ಆ ಹೊತ್ತಿನಲ್ಲೂ ಎದ್ದಿತು. ವಹಿ ತೆಗೆದು ಮೊದಲನೆಯ ಗೀಟು ಹಾಕಿದೆ.

ಬಣ್ಣ ಆರಿದ ಮೇಲೆ ಕಂಟ್ರೋಲರಳ ಹಾಳೆಯನ್ನು ನಡುವೆ ಹಿಡಿದು, ಮಡಿಕೆಗಳನ್ನು ಅಂಗೈಯಿಂದ ಉಜ್ಜಿ, ನಾಲ್ಕು ಮೂಲೆಗೂ ಗೋಂದು ಹಚ್ಚಿ ಅಂಟಿಸಿದೆ. ನಳದ ಕೆಳಗೆ ಬ್ರಶ್ ತೊಳೆದೆ. ನೀರು ಬೆಳ್ಳಗೆ ಹೋಗಿ, ತಿಳಿಯಾಗಿ ಬರುವವರೆಗೆ ತೊಳೆದು, ಡಬ್ಬಿಯ ಮುಚ್ಚಳ ಒತ್ತಿ ಹಾಕಿ, ಬ್ರಶ್ಶನ್ನು ಅದರ ಮೇಲೆ ಅಡ್ಡ ಇಟ್ಟೆ. ಆರು ಗಂಟೆ ಹತ್ತು ನಿಮಿಷ.